ಉತ್ತರ ಕೊಡಬಾರದ ನಂಬರು

ಈ ಘಟನೆಯನ್ನು ಈಗ ಎರಡು ರೀತಿಯಲ್ಲಿ ಹೇಳುತ್ತಾರೆ. ಹೈದರಾಬಾದಿನ ತರಬೇತಿ ಕೋಣೆಗಳಲ್ಲಿ ಹೇಳುವುದು ಹೀಗೆ: ಹಳ್ಳಿಯ ಓದು ಬಾರದ ಜನ ಫೋನಿಗೆ ಬಂದದ್ದನ್ನು ಹಾಗೇ ನಂಬಿದರು, ಕುರಿ ಕಾಯುವ ಬಡಪಾಯಿಯೊಬ್ಬನನ್ನು ಮಕ್ಕಳ ಕಳ್ಳನೆಂದು ಹಿಡಿದರು, ಅಧ್ಯಯನದ ಕೆಲಸಕ್ಕಿದ್ದ ಚುರುಕು ಹುಡುಗಿಯೊಬ್ಬಳು ಸರಿಯಾದ ಹೊತ್ತಿಗೆ ನಿಜ ಹೇಳಿ ಅವನನ್ನು ಉಳಿಸಿದಳು. ಮಕ್ತಲ್‌ನ ನಮ್ಮ ಮನೆಯ ಪಡಸಾಲೆಯಲ್ಲಿ ಹೇಳುವುದು ಇನ್ನೂ ಚಿಕ್ಕದು: ಬೀರಪ್ಪ ಉಳಿಸಿದ.

ಬೀರಪ್ಪನ ಬಗ್ಗೆ ನಾನು ವಾದಕ್ಕಿಳಿಯುವುದಿಲ್ಲ. ಅವನು ನಮ್ಮ ಕುರುಬರ ದೇವರು, ಎದುರು ಪಕ್ಷದ ಕುರ್ಚಿಯಲ್ಲಿ ಕೂತು ಉತ್ತರ ಕೊಡುವವನಲ್ಲ. ಆದರೆ ಮೊದಲನೆಯದನ್ನು ಒಪ್ಪಲಾರೆ, ಯಾಕೆಂದರೆ ಆ ಚುರುಕು ಹುಡುಗಿ ನಾನೇ. ಆ ಬಡಪಾಯಿ ನನ್ನ ಕಾಕಾ. ಸುದ್ದಿ ಹುಟ್ಟಿಸಿದವನು ಓದು ಬಾರದವನಲ್ಲ, ನನ್ನಷ್ಟೇ ಓದಿದವನು. ನಾನು ಯಾರನ್ನೂ ಉಳಿಸಲಿಲ್ಲ. ಆ ಮಧ್ಯಾಹ್ನ ನಾನು ಆಡಿದ ಮಾತು ಅವನ ಮೇಲೆ ಇನ್ನೊಂದು ಏಟು ಬೀಳಿಸಿರಬಹುದೇ ಎಂದು ಇವತ್ತಿಗೂ ಹೆದರುತ್ತೇನೆ. ಇಷ್ಟು ಹೇಳಿ, ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ತೆಲಂಗಾಣ ಆಗಿನ್ನೂ ಹೊಸ ರಾಜ್ಯ. ಗದ್ವಾಲ ಜಿಲ್ಲೆಯಾಗಿ ಬೋರ್ಡು ಬದಲಾಯಿಸಿಕೊಂಡಿತ್ತು. ನಾರಾಯಣಪೇಟೆಯವರು ನಮಗೂ ಜಿಲ್ಲೆ ಬೇಕೆಂದು ಚೌಕಿನಲ್ಲಿ ಶಾಮಿಯಾನ ಹಾಕಿ ಕೂತಿದ್ದರು. ಆ ಶಾಮಿಯಾನದ ಎದುರಿಗೆ, ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ಕೆಲಸ. ಡಿಗ್ರಿ ಮುಗಿದಿತ್ತು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಬಿಟ್ಟರೆ ಕೈಯಲ್ಲಿ ಬೇರೇನೂ ಇರಲಿಲ್ಲ. ಹೈದರಾಬಾದಿನ ಸಂಶೋಧಕಿಯೊಬ್ಬರು, ನಾವು ಮೇಡಂ ಎಂದೇ ಕರೆಯುತ್ತಿದ್ದವರು, ಸಾಮಾಜಿಕ ಜಾಲತಾಣ ಜನರಿಗೆ ಎಲ್ಲಿಂದ ಚಟವಾಗುತ್ತದೆ, ಎಲ್ಲಿಂದ ಕೇಡಾಗುತ್ತದೆ ಎಂದು ತಿಳಿಯಲು ಹೊರಟಿದ್ದರು. ಮನೆಮನೆ ತಿರುಗುವ ಹಳೆಯ ಪದ್ಧತಿ ಬೇಡ, ಫೋನಿನಲ್ಲಿ ಆಗುವುದನ್ನು ಫೋನಿನಲ್ಲೇ ಹಿಡಿಯಬೇಕು ಎಂಬುದು ಅವರ ಹಟ.

ಮೊದಲು ಪ್ರಶ್ನೆಗಳ ಲಿಂಕು ಕಳಿಸಿದೆವು. ಫೋನು ಹತ್ತಿರ ಇಲ್ಲದಾಗ ಚಡಪಡಿಕೆ ಆಗುತ್ತದೆಯೇ, ನಿದ್ದೆ ಕೆಡುತ್ತದೆಯೇ, ಈ ತರಹದವು. ನೇಕಾರರ ಮನೆಗಳಲ್ಲಿ ಅದು ಕೆಟ್ಟಿತು. ಮಗ್ಗದ ಕಂಬಕ್ಕೆ ನೇತುಹಾಕಿದ ಒಂದೇ ಫೋನು. ಅಪ್ಪ, ಮಗ, ಸೊಸೆ ಎಲ್ಲರ ಉತ್ತರವೂ ಅದರಿಂದಲೇ. ನಮ್ಮ ಕಂಪ್ಯೂಟರಿನ ಲೆಕ್ಕದಲ್ಲಿ ಒಬ್ಬನೇ ಮನುಷ್ಯ ಬೆಳಿಗ್ಗೆ ಮೀಸೆಯವನು, ಮಧ್ಯಾಹ್ನ ಬಸುರಿ.

ಆಮೇಲೆ ಮೇಡಂ ಎರಡನೆಯ ದಾರಿ ಹಿಡಿದರು. ಒಪ್ಪಿಕೊಂಡ ಕೆಲವರಿಗೆ ಒಂದು ನಂಬರು ಕೊಟ್ಟರು. ಗುಂಪುಗಳಲ್ಲಿ ಹಂಚಬೇಕೆಂದು ಮನಸ್ಸಾದ ಏನನ್ನೇ ಆಗಲಿ, ಹಂಚುವ ಮುಂಚೆ ಆ ನಂಬರಿಗೆ ಕಳಿಸಬೇಕು. ಏನೂ ಸೇರಿಸಬೇಡಿ, ಏನೂ ವಿಚಾರಿಸಬೇಡಿ, ಇದ್ದದ್ದು ಇದ್ದ ಹಾಗೆ. ಆ ನಂಬರಿನ ಫೋನು ನಮ್ಮ ಕೋಣೆಯ ಮೇಜಿನ ಮೇಲೆ ಇರುತ್ತಿತ್ತು. ಕನ್ನಡದ್ದು ನಾನು ಕೇಳಿ ವಿಂಗಡಿಸಬೇಕು, ತೆಲುಗಿನದು ನನ್ನ ಜೊತೆಗಾರ. ಅವನು ನೇಕಾರರ ಮನೆಯವನು, ನನ್ನದೇ ವಯಸ್ಸು, ಆದರೂ ಕಾಡಿಸಲೆಂದೇ ನನ್ನನ್ನು 'ಡಿಬೇಟ್ ಅಕ್ಕಾ' ಎನ್ನುತ್ತಿದ್ದ. ಪ್ರತಿಯೊಂದು ಸಂದೇಶಕ್ಕೂ ಅದರಲ್ಲಿ ಎಷ್ಟು ಭಯವಿದೆ ಎಂದು ಸೊನ್ನೆಯಿಂದ ನಾಲ್ಕರವರೆಗೆ ಅಂಕ ಹಾಕಬೇಕಿತ್ತು. ಯಾರು ಕಳಿಸಿದರೆಂಬುದು ನಮಗೆ ಗೊತ್ತಾಗುತ್ತಿರಲಿಲ್ಲ. ನಂಬರುಗಳ ಜಾಗದಲ್ಲಿ ಸಂಕೇತಗಳಿದ್ದವು. ಯಾವ ಸಂಕೇತ ಯಾರದೆಂಬುದು ಮೇಡಂ ಒಬ್ಬರಿಗೇ ಗೊತ್ತು.

ಮತ್ತೆ ಒಂದು ಕಟ್ಟುಪಾಡು: ಆ ನಂಬರಿನಿಂದ ಯಾರಿಗೂ ಉತ್ತರ ಹೋಗಬಾರದು.

"ಸುಳ್ಳು ಅಂತ ಕಣ್ಣಿಗೆ ಕಾಣಿಸಿದರೂ?" ಎಂದು ಮೊದಲ ದಿನವೇ ಕೇಳಿದ್ದೆ.

ಮೇಡಂ ಮಾತಾಡುತ್ತಿದ್ದದ್ದು ತೆಲುಗು. ನೆನಪಿದ್ದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಸುಳ್ಳು ಅಂತ ಕಂಡರೂ ಕೊಡಬಾರದಮ್ಮಾ. ನಾವು ತಿದ್ದಿದ ತಕ್ಷಣ ಅವರು ನಮಗೋಸ್ಕರ ನಡೆದುಕೊಳ್ಳೋಕೆ ಶುರುಮಾಡುತ್ತಾರೆ. ಆಮೇಲೆ ನಾವು ನೋಡುವುದು ಅವರನ್ನಲ್ಲ, ನಮ್ಮನ್ನೇ."

"ಸುಮ್ಮನಿರೋದೂ ಒಂದು ಉತ್ತರಾನೇ ಅಲ್ವಾ ಮೇಡಂ?"

ಅವರು ನಕ್ಕರು. "ಎಷ್ಟು ಕಪ್ ಗೆದ್ದಿದ್ದೀಯಾ ನೀನು?"

ಅಲ್ಲಿಗೆ ಮಾತು ಮುಗಿಯಿತು. ಅವರ ವಾದ ಗಟ್ಟಿಯಾಗಿಯೇ ಇತ್ತು. ಎರಡು ಪಕ್ಷವನ್ನೂ ವಹಿಸಿ ಮಾತಾಡುವುದು ಕಲಿತವರ ತೊಂದರೆ ಅದು. ಎದುರಿನವರ ಮಾತೂ ಸರಿಯೆನಿಸಿಬಿಡುತ್ತದೆ.

ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರ ಸುದ್ದಿ ಬಂತು. ಮೊದಲು ಬಂದದ್ದು ಯಾವುದೋ ದೇಶದ, ಯಾವುದೋ ಮಗುವಿನ ಚಿತ್ರ. ಅದರ ಕೆಳಗೆ ಕರ್ನೂಲ್ ಹತ್ತಿರ ಎಂದಿತ್ತು. ಮೂರ್ನಾಲ್ಕು ದಿನಕ್ಕೆ ಅದೇ ಚಿತ್ರ ಮತ್ತೆ ಬಂತು, ಅಲಂಪುರದ ಹತ್ತಿರ ಎಂದು. ಆಮೇಲೆ ಗದ್ವಾಲ. ಜೊತೆಗಾರ ಫೋನನ್ನು ನನ್ನ ಕಡೆ ತಿರುಗಿಸಿ, "ನೋಡಕ್ಕಾ, ಪ್ಯಾಸೆಂಜರ್ ಗಾಡಿ ಇದ್ದಂಗ ಐತಿ ಇದು. ಒಂದು ಸ್ಟೇಷನ್ನೂ ಬಿಡಂಗಿಲ್ಲ. ನಾಳೆ ಮಕ್ತಲ್, ನಾಡಿದ್ದು ನಮ್ಮ ಓಣಿ," ಎಂದ.

ನಗು ಬಂತು. ಆದರೆ ಅವತ್ತು ಸಂಜೆ ಮಕ್ತಲ್ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ತನ್ನ ಮಗುವನ್ನು ನನ್ನ ಕಡೆಯಿಂದ ಕಿಟಕಿಯ ಕಡೆಗೆ ದಾಟಿಸಿಕೊಂಡಳು. ಬಳೆ ಮಾರುವವಳೊಬ್ಬಳನ್ನು ನಮ್ಮ ಓಣಿಯ ಬಾಯಲ್ಲಿ ನಿಲ್ಲಿಸಿ ಆಧಾರ್ ಕಾರ್ಡು ಕೇಳಿದರಂತೆ. ಎಷ್ಟೋ ವರ್ಷದಿಂದ ನಮ್ಮ ಅವ್ವನ ಕೈಗೆ ಬಳೆ ಇಟ್ಟವಳು ಅವಳು. ಅವ್ವ ಅದನ್ನು ಹೇಳುತ್ತ, "ಆಕಿ ಅಂಥಾಕಿ ಅಲ್ಲ ಖರೆ. ಆದ್ರ ಯಾರಿಗೆ ಗೊತ್ತವ್ವಾ?" ಎಂದಳು. ಇಡೀ ದಿನ ಕೇಳಿದ ಸಂದೇಶಗಳಿಗಿಂತ ಆ 'ಯಾರಿಗೆ ಗೊತ್ತು' ನನ್ನನ್ನು ಹೆಚ್ಚು ಹೆದರಿಸಿತು. ಅವಳು ನಂಬಿರಲಿಲ್ಲ. ಜನ ನಂಬಿ ಹಂಚಿದರು ಎನ್ನುವವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ: ನಂಬಿಕೆ ಯಾರಿಗೂ ಬೇಕಾಗಿರಲಿಲ್ಲ. ಇರಲಿ ಎಂದು ಕಳಿಸಿದರೆ ಸಾಕಾಗಿತ್ತು.

ಕಾಕಾ ಆಗ ಕುರಿಗಳ ಜೊತೆ ಗದ್ವಾಲದ ಆಚೆ, ಗಟ್ಟು ಕಡೆಗಿನ ಹೊಲಗಳಲ್ಲಿದ್ದ. ಬೇಸಿಗೆಯಲ್ಲಿ ನಮ್ಮವರು ಹಿಂಡು ಹೊಡೆದುಕೊಂಡು ಕಾಲುವೆ ನೀರಿರುವ ಕಡೆಗೆ ಹೋಗುತ್ತಾರೆ. ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಹಿಂಡು ನಿಲ್ಲಿಸಿಕೊಳ್ಳುತ್ತಾರೆ. ಒಂದು ಹೊಲದಿಂದ ಇನ್ನೊಂದಕ್ಕೆ ಬೀಡು ಬದಲಿಸುವಾಗ ಹಿಂಡು ಬಯಲಿನಲ್ಲಿ ಮೇಯುತ್ತ ನಿಧಾನಕ್ಕೆ ಬರುತ್ತದೆ. ಆಗಷ್ಟೇ ಹುಟ್ಟಿದ ಮರಿಗಳು ಅಷ್ಟು ದೂರ ನಡೆಯಲಾರವು. ಅವನ್ನು ಕಂಬಳಿಯಲ್ಲಿ ಗಂಟುಕಟ್ಟಿ, ಬೆನ್ನಿಗೆ ಹಾಕಿಕೊಂಡು, ಒಬ್ಬಿಬ್ಬರು ರಸ್ತೆ ಹಿಡಿದು ಮುಂದೆ ಹೋಗುತ್ತಾರೆ. ಕಾಕಾನಿಗೆ ಒಂದು ಕಾಲು ಕುಂಟು. ಹಿಂಡಿನ ವೇಗಕ್ಕೆ ಆಗದೆಂದು ಮರಿ ಹೊರುವ ಕೆಲಸ ಯಾವಾಗಲೂ ಅವನದು, ಕಾಕಿಯದು.

ಅವನ ಹತ್ತಿರ ಗುಂಡಿ ಒತ್ತುವ ಫೋನಿತ್ತು. ಅದು ಹೆಚ್ಚಾಗಿ ಯಾರದೋ ಪಂಪ್‌ಸೆಟ್ ಕೋಣೆಯಲ್ಲಿ ಚಾರ್ಜಿಗೆ ಬಿದ್ದಿರುತ್ತಿತ್ತು. ನನ್ನ ಕೆಲಸದ ಬಗ್ಗೆ ಕೇಳಿ ಒಮ್ಮೆ ನಕ್ಕಿದ್ದ: "ಮಂದಿ ಫೋನು ಎಷ್ಟು ನೋಡ್ತಾರಂತ ನೀ ಫೋನಿನ್ಯಾಗ ನೋಡ್ತಿ. ಇದಕ್ಕ ಪಗಾರ ಬ್ಯಾರೆ ಕೊಡ್ತಾರ. ಇನ್ನ ನಿನ್ನ ನೋಡಾಕ ಯಾರಿದ್ದಾರವ್ವಾ?"

ಆ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆವು. ಫೋನಿಗೆ ಧ್ವನಿ ಸಂದೇಶವೊಂದು ಬಂತು. ಕನ್ನಡ. ಗಂಡಸಿನ ಎಳೆಯ ದನಿ, ನಡೆಯುತ್ತ ಮಾತಾಡಿದ್ದರಿಂದ ಉಸಿರು ಹತ್ತಿತ್ತು.

"ಎಲ್ಲಾರೂ ಕೇಳ್ರಿ. ಕೆನಾಲ್ ದಾರ್‍ಯಾಗ ಒಬ್ಬಾಂವ, ಒಬ್ಬಾಕಿ ಹೊಂಟಾರ. ಈ ಬಿಸಲಾಗೂ ಕಂಬಳಿ ಹೊದ್ಕೊಂಡಾರ. ಅಂವ ಕುಂಟ್ತಾನ. ಆಕಿ ಬೆನ್ನ ಮ್ಯಾಲ ಗಂಟು ಐತಿ, ಗಂಟಿನ್ಯಾಗ ಕೂಸು ಅಳಾಕತ್ತೈತಿ. ಕೇಳ್ರಿ."

ಆಮೇಲೆ ಅಳು. ತೆಳ್ಳಗೆ, ಗಂಟಲು ಕಟ್ಟಿದಂತೆ, ಮೂರು ನಾಲ್ಕು ಸಲ.

ಜೊತೆಗಾರ ಫೋನಿನ ಕಡೆ ಬಗ್ಗಿದ. "ಥೂ, ಖರೇನ ಕೂಸು ಐತಲ್ಲ ಇದು," ಎಂದು ಪರದೆಯ ಮೇಲೆ ನಾಲ್ಕನ್ನು ಒತ್ತಲು ಬೆರಳು ಚಾಚಿದ.

ನಾನು ಮತ್ತೊಮ್ಮೆ ಕೇಳಿದೆ. ನಗು ಬಂದುಬಿಟ್ಟಿತು. "ಕುರಿ ಮರೀ ಲೋ ಅದು. ಹಸಿದೈತಿ. ತಾಯಿ ಕುಡಿಸ್ಕೊಂಡಿಲ್ಲ," ಎಂದೆ. ಹುಟ್ಟಿದಾಗಿನಿಂದ ಆ ದನಿಯಲ್ಲೇ ಎದ್ದವಳು ನಾನು.

ಹೇಳಿ ಮುಗಿಸುವಷ್ಟರಲ್ಲಿ ಮಾತಿನ ಮೊದಲ ಭಾಗ ತಲೆಯೊಳಗೆ ಇಳಿಯಿತು. ಕೆನಾಲ್ ದಾರಿ. ಕುಂಟುವವನು. ಗಂಟು ಹೊತ್ತ ಹೆಂಗಸು. ಮರಿ ಹೊತ್ತವರ ಸುತ್ತಮುತ್ತ ಹಿಂಡು ಇರುವುದಿಲ್ಲ. ನೋಡಿದವರಿಗೆ ಕುರಿ ಕಾಣುವುದಿಲ್ಲ, ಗಂಟು ಮಾತ್ರ ಕಾಣುತ್ತದೆ. ಕಾಕಾನ ನಂಬರಿಗೆ ಹಚ್ಚಿದೆ. ಸ್ವಿಚ್ ಆಫ್.

ಇನ್ನೊಂದು ವಿಷಯ ನೆನಪಾಯಿತು. ಗಂಟು ಬಿಚ್ಚು ಎಂದರೆ ಕಾಕಿ ಬಿಚ್ಚುವುದಿಲ್ಲ. ನಮ್ಮ ಮನೆಯಲ್ಲಿ ಪ್ರತಿ ಸಲದ ಮೊದಲ ಮರಿಯನ್ನು ಬೀರಪ್ಪನಿಗೆ ಬಿಡುತ್ತೇವೆ. ಅದಕ್ಕೆ ಗುಡಿಯಲ್ಲಿ ಅರಿಸಿನದ ಭಂಡಾರ ಹಚ್ಚುವ ತನಕ ಹೊರಗಿನವರ ಕಣ್ಣಿಗೆ ಬೀಳಿಸುವಂತಿಲ್ಲ. ಕಾಕಿ ಜೀವ ಹೋದರೂ ಅದನ್ನು ಮೀರುವವಳಲ್ಲ.

ಮೇಡಂಗೆ ಫೋನು ಮಾಡಿದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಮರಿ ಅಂತ ಖಾತ್ರಿನಾ?"

"ಖಾತ್ರಿ. ಇದೇ ನಂಬರಿನಿಂದ ಆ ಹುಡುಗನಿಗೊಂದು ಮಾತು ಕಳಿಸ್ತೀನಿ ಮೇಡಂ. ಇದು ಮರಿ, ಯಾರಿಗೂ ಕಳಿಸಬೇಡಪ್ಪಾ ಅಂತ. ಅಷ್ಟೇ."

"ಆ ನಂಬರಿನಿಂದ ಬೇಡ."

"ಯಾಕೆ?"

"ಒಂದು ಸಲ ಉತ್ತರ ಹೋದರೆ ಅದು ಹಿಂದೆ ಬರುವುದಿಲ್ಲಮ್ಮಾ. ಉಳಿದವರೆಲ್ಲ ನಮ್ಮನ್ನು ಪೊಲೀಸರ ಕಡೆಯವರು ಅಂದುಕೊಳ್ಳುತ್ತಾರೆ. ನಮಗೆ ಕಳಿಸಿದವರನ್ನು ಅವರ ಊರಲ್ಲೇ ಹುಡುಕುತ್ತಾರೆ. ನಿಮ್ಮ ಕಾಕಾಗೋಸ್ಕರ ಹೆದರುತ್ತಿದ್ದೀಯಾ ನೀನು. ನನಗೆ ಎಲ್ಲರಿಗೋಸ್ಕರ ಹೆದರಿಕೆ ಇದೆ."

"ಹಾಗಾದ್ರೆ ಕಳಿಸಿದವನ ನಂಬರಾದ್ರೂ ಕೊಡಿ. ಎಲ್ಲಿದ್ದಾನೆ ಅಂತ ನಾನೇ ಕೇಳ್ತೀನಿ."

"ಹೆಸರು, ನಂಬರು ಯಾರಿಗೂ ಕೊಡಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಆ ಮಾತು ಕೊಟ್ಟದ್ದು ಅವನ ರಕ್ಷಣೆಗೆ. ಇನ್ನೊಬ್ಬನ ತಲೆ ಒಡೆಯೋಕೆ ಅಲ್ಲ."

"ನಾನೇ ಅವನಿಗೆ ಮಾಡುತ್ತೇನೆ. ನೀನು ಪೊಲೀಸರಿಗೆ ಹೇಳು. ಆ ಫೋನು ಮಾತ್ರ ಮುಟ್ಟಬೇಡ."

ಪೊಲೀಸರ ಕಡೆ ಫೋನು ಎತ್ತಿದವರು ಸೌಮ್ಯವಾಗಿಯೇ ಕೇಳಿದರು: "ಏ ಊರು ತಲ್ಲೀ?" ಯಾವ ಊರು ತಾಯೀ ಎಂದು. ಗದ್ವಾಲ, ಗಟ್ಟು ನಡುವೆ, ಕೆನಾಲ್ ದಾರಿ ಎಂದೆ. ಕೆನಾಲ್ ಎಲ್ಲ ಊರಿಗೂ ಇದೆಯಲ್ಲಮ್ಮಾ, ಊರ ಹೆಸರು ಹೇಳು ಎಂದರು. ಹೇಳಲು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಮತ್ತೆ ಸದ್ದು ಮಾಡಿತು. ಬೇರೊಂದು ಸಂಕೇತ, ಅದೇ ಧ್ವನಿ. ಮತ್ತೊಂದು ಸಂಕೇತ, ಅದೇ ಧ್ವನಿ. ಹಂಚಿಕೆ ಶುರುವಾಗಿತ್ತು. ನಾಲ್ಕನೆಯದರ ಕೆಳಗೆ ತೆಲುಗಿನಲ್ಲಿ ಯಾರೋ ಬರೆದಿದ್ದರು: ಸಿಕ್ಕಿದ್ದಾರೆ, ಬನ್ನಿ.

ನನ್ನ ಸ್ವಂತ ಫೋನು ತೆಗೆದೆ. ಅದಕ್ಕೆ ಯಾವ ಕಟ್ಟುಪಾಡೂ ಇರಲಿಲ್ಲ. ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಮಾತಾಡಿ ಧ್ವನಿ ಸಂದೇಶ ಮಾಡಿದೆ: ನಾನು ಕುರುಬರ ಮನೆ ಮಗಳು, ಆ ಅಳು ಕುರಿ ಮರಿಯದು, ಗಂಟಿನಲ್ಲಿರುವುದು ಮರಿ, ದಯವಿಟ್ಟು ಅವರನ್ನು ಮುಟ್ಟಬೇಡಿ. ವೇದಿಕೆಯ ಮೇಲೆ ಕಲಿತದ್ದನ್ನೆಲ್ಲ ಅದರಲ್ಲಿ ಹಾಕಿದೆ. ದನಿ ಸ್ಪಷ್ಟ, ಮಾತು ಚಿಕ್ಕದು, ಎಲ್ಲೂ ತಡವರಿಸಲಿಲ್ಲ. ಜೊತೆಗಾರ ಅದನ್ನು ಗದ್ವಾಲದ ಸೀರೆಯವರ ಗುಂಪುಗಳಿಗೆ, ಕಾಲೇಜಿನ ಗೆಳೆಯರಿಗೆ, ಕೈಗೆ ಸಿಕ್ಕವರಿಗೆಲ್ಲ ಕಳಿಸಿದ.

ಮೇಡಂ ಮತ್ತೆ ಫೋನು ಮಾಡಿದರು. ಕಳಿಸಿದವನು ಫೋನು ಎತ್ತುತ್ತಿಲ್ಲವಂತೆ. "ಅವನ ಊರು ಯಾವುದು ಅಂತ ಪೊಲೀಸರಿಗೆ ಹೇಳಿದ್ದೀನಿ. ನಿನಗೂ ಹೇಳುತ್ತೀನಿ. ಹೆಸರು ಕೇಳಬೇಡ," ಎಂದು ಊರಿನ ಹೆಸರು ಹೇಳಿದರು. ಅದನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಜೊತೆಗಾರನ ಬೈಕು. ಮಕ್ತಲ್ ದಾಟಿ, ಜೂರಾಲ ಅಣೆಕಟ್ಟು ದಾಟುವಾಗ ಕೃಷ್ಣೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚಿತ್ತು. ನನ್ನ ಫೋನನ್ನು ಕೈಯಲ್ಲೇ ಹಿಡಿದಿದ್ದೆ. ನನ್ನ ಸಂದೇಶ ಸುತ್ತಿ ಸುತ್ತಿ ನನಗೇ ವಾಪಸು ಬಂತು, ಕಾಲೇಜಿನ ಒಂದು ಗುಂಪಿನಿಂದ. ಅದರ ಕೆಳಗೆ ಹೊಸ ಸಾಲು ಸೇರಿತ್ತು: 'ಇವಳು ಆ ಕಳ್ಳರ ಗುಂಪಿನ ಹೆಂಗಸು. ನಮ್ಮನ್ನು ನಂಬಿಸಲು ಹೀಗೆ ಕಳಿಸುತ್ತಿದ್ದಾಳೆ. ಎಷ್ಟು ಪಾಠ ಮಾಡಿದ್ದಾಳೆ ನೋಡಿ, ಒಂದು ಮಾತೂ ತಪ್ಪುವುದಿಲ್ಲ.'

ಆ ಕ್ಷಣದ ಭಯವನ್ನು ನಾಲ್ಕರ ಒಳಗೆ ಕೂಡಿಸಲು ಆಗುವುದಿಲ್ಲ. ನನ್ನ ಮಾತು ಚೆನ್ನಾಗಿತ್ತು, ಅದೇ ಅನುಮಾನಕ್ಕೆ ಕಾರಣವಾಗಿತ್ತು. ಅದು ಈಗ ಯಾರ ಕೈಯಲ್ಲಿದೆ, ಕಾಕಾನ ಸುತ್ತ ನಿಂತವರು ಅದನ್ನು ಕೇಳಿ ಏನು ಮಾಡುತ್ತಿದ್ದಾರೆ ಎಂಬುದು ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಜೊತೆಗಾರನ ಭುಜದ ಮೇಲಿಂದ ಫೋನು ಚಾಚಿ ತೋರಿಸಲೂ ಧೈರ್ಯ ಬರಲಿಲ್ಲ.

ಗದ್ವಾಲ ದಾಟಿ ಸ್ವಲ್ಪ ದೂರದ ಊರೊಂದರ ಮುಂದೆ ರಸ್ತೆಗೆ ಜಾಲಿಮುಳ್ಳು ಎಳೆದಿದ್ದರು. ಏಳೆಂಟು ಗಂಡಸರು, ಕೈಯಲ್ಲಿ ಬಡಿಗೆ. ಗಾಡಿ ನಿಲ್ಲಿಸಿದೆವು. ಯಾರು, ಯಾವ ಊರು, ಎಲ್ಲಿಗೆ ಎಂದು ತೆಲುಗಿನಲ್ಲಿ ಕೇಳಿದರು. ಒಬ್ಬ ನನ್ನ ಮುಖವನ್ನೇ ನೋಡುತ್ತ ತನ್ನ ಫೋನು ಒತ್ತಿದ. ಅದರಿಂದ ನನ್ನ ದನಿ ಬಂತು. ನಾನು ಕುರುಬರ ಮನೆ ಮಗಳು.

"ನೀನೇನಾ ಇದು? ಮಾತಾಡು. ದನಿ ಕೇಳೋಣ."

ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಬರುತ್ತಿದ್ದದ್ದು ಅದೇ ದನಿ.

"ಆಕೆಗೆ ಮಾತು ಬರೋದಿಲ್ಲಣ್ಣಾ," ಎಂದ ಜೊತೆಗಾರ. "ನನ್ನ ತಂಗಿ. ಹುಟ್ಟಿದಾಗಿಂದ ಹಿಂಗೆ. ಗದ್ವಾಲ ಸೀರೆಯವರ ಮನೆಗೆ ಕೆಲಸಕ್ಕೆ ಬಂದಿದ್ವಿ, ಮುಂದಿನ ಊರಲ್ಲಿ ಅತ್ತೆ ಮನೆ."

"ಸೀರೆ ನೇಯೋನಾ ನೀನು?" ಹಿಂದೆ ನಿಂತಿದ್ದ ಮುದುಕನೊಬ್ಬ ಮುಂದೆ ಬಂದ. "ಮೈ ನೂಲು, ಸೆರಗು ರೇಷ್ಮೆ. ಎರಡನ್ನೂ ಹೆಂಗೆ ಕೂಡಿಸ್ತೀಯಾ, ತೋರಿಸು."

ಜೊತೆಗಾರ ಬಗ್ಗಿ, ರಸ್ತೆಯಂಚಿನ ಧೂಳನ್ನು, ನೇಕಾರರು ಎಳೆ ಹೊಸೆಯುವಾಗ ಹಚ್ಚುವ ಬೂದಿಯಂತೆ, ಬೆರಳಿಗೆ ಹಚ್ಚಿಕೊಂಡು, ಇಲ್ಲದ ಎರಡು ಎಳೆಗಳನ್ನು ಹಿಡಿದು ಹೊಸೆದ. ಮತ್ತೆರಡು. ಮತ್ತೆರಡು. ಬೆರಳು ಒಮ್ಮೆಯೂ ತಪ್ಪಲಿಲ್ಲ. ಮುದುಕ ಮುಳ್ಳು ಸರಿಸಲು ಹೇಳಿದ. ಮೂಕಿಯಾಗಿಯೇ ಆ ಊರನ್ನು ದಾಟಿದೆ.

ನಾವು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಶಾಲೆಯ ಜಗಲಿಯ ಮೇಲೆ ಕಾಕಾ ಗೋಡೆಗೆ ಒರಗಿ ಕೂತಿದ್ದ. ಕಿವಿಯ ಮೇಲೆ ಯಾರದೋ ಟವೆಲು ಒತ್ತಿಕೊಂಡಿದ್ದ, ಅದು ಕೆಂಪಾಗಿತ್ತು. ಒಬ್ಬ ಪೊಲೀಸ್ ಪೇದೆ ಪಕ್ಕದಲ್ಲಿ ನಿಂತಿದ್ದ. ಊರಿನವರು ಚಾ ತಂದಿಟ್ಟಿದ್ದರು. ಕಾಕಾ ನನ್ನನ್ನು ನೋಡಿ, "ನೀ ಯಾಕ ಬಂದಿ ಈ ಬಿಸಲಾಗ?" ಎಂದ, ನಾನು ಹಬ್ಬಕ್ಕೆ ಅವನ ಮನೆಗೆ ಹೋದಾಗ ಕೇಳುವ ದನಿಯಲ್ಲೇ.

ಆದದ್ದನ್ನು ಕಾಕಿ ಹೇಳಿದಳು. ಜನ ಸುತ್ತುವರಿದರು. ಗಂಟು ಬಿಚ್ಚು ಎಂದರು. "ನಾ ಒಲ್ಲೆ ಅಂದೆ. ಬೀರಪ್ಪನ ಮರಿ ಐತಿ, ಬಿಚ್ಚಂಗಿಲ್ಲ ಅಂದೆ. ಅವರಿಗೆ ನಮ್ಮ ಮಾತು ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ನಾ ಗಂಟು ಬಿಗಿ ಹಿಡಕೊಂಡಷ್ಟು ಅವರು ನಿಮ್ಮ ಕಾಕಾಗ ಹೊಡದ್ರು." ಕೊನೆಗೆ ಯಾರೋ ಹಿಂದಿನಿಂದ ಎಳೆದರು. ಕಂಬಳಿ ಹರಿಯಿತು. ಮರಿಯೊಂದು ಕೆಳಗೆ ಬಿದ್ದು, ತಡವರಿಸಿ ಎದ್ದು, ಎದುರಿಗೆ ಬಡಿಗೆ ಹಿಡಿದು ನಿಂತವನ ಮೊಣಕಾಲಿಗೆ ಮೂತಿ ಹಚ್ಚಿ ಹಾಲು ಹುಡುಕತೊಡಗಿತು.

"ಆಗ ಯಾರೋ ಒಬ್ಬಾಂವ ನಕ್ಕ," ಎಂದಳು ಕಾಕಿ. "ಆಮ್ಯಾಗ ಎಲ್ಲಾರೂ ನಕ್ಕರು. ಹೊಡೆತಕ್ಕ ನಾ ಅಷ್ಟು ಅಂಜಿದ್ದಿಲ್ಲವ್ವಾ. ಆ ನಗೀ ಕೇಳಿ ಅಂಜಿದೆ."

ನನ್ನ ಸಂದೇಶ ಅವರಿಗೆ ಮುಟ್ಟಿತ್ತೇ ಎಂದು ಊರಿನವರನ್ನು ಕೇಳಿದೆ. ಮುಟ್ಟಿತ್ತು ಎಂದರು. ಹೊಡೆಯುವ ಮುಂಚೆಯೋ, ನಡುವೆಯೋ, ಆಮೇಲೆಯೋ ಎಂದು ಕೇಳಿದೆ. ಅದನ್ನು ಯಾರೂ ಹೇಳಲಿಲ್ಲ.

ಕಾಕಾನ ಎಡಕಿವಿ ಈಗ ಕೇಳುವುದಿಲ್ಲ. ಹೊಲದ ನಡುವೆ ನಿಂತು ಮರಿ ಕೂಗಿದರೆ ಯಾವ ಕಡೆಯಿಂದ ಎಂದು ತಿಳಿಯದೆ ಸುತ್ತ ತಿರುಗುತ್ತಾನೆ. ನಗುತ್ತಲೇ ತಿರುಗುತ್ತಾನೆ. ಕಾಕಿ ಗಂಟು ಕಟ್ಟುವುದನ್ನು ಬಿಟ್ಟಿದ್ದಾಳೆ. ಎಲ್ಲರಿಗೂ ಕಾಣುವ ಹಾಗೆ ಮರಿಯ ತಲೆಯನ್ನು ಹೊರಗೆ ಬಿಟ್ಟುಕೊಂಡು, ಬಿಸಿಲಲ್ಲಿ ಅದರ ಕಣ್ಣಿಗೆ ಕೈ ಅಡ್ಡ ಹಿಡಿದು ನಡೆಯುತ್ತಾಳೆ. ದೇವರ ಮರಿಯನ್ನೂ ಹಾಗೆಯೇ. ಊರು ಬಂದರೆ ಅದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತಾಳೆ, ಯಾರೂ ಕೇಳದಿದ್ದರೂ.

ಕೆಲವು ತಿಂಗಳ ಮೇಲೆ, ಭಾಗವಹಿಸಿದವರಿಗೆ ಅಧ್ಯಯನದ ವಿವರ ಹೇಳಲೆಂದು ಗದ್ವಾಲದಲ್ಲಿ ಮೇಡಂ ಸಭೆ ಕರೆದರು. ಆ ದಿನದ ಬಗ್ಗೆ ಹೇಳುವಾಗ ಅವರು ಕೈಯಲ್ಲಿದ್ದ ಹಾಳೆಯನ್ನು ಎರಡು ಸಲ ಮೊದಲಿನಿಂದ ಓದಬೇಕಾಯಿತು. ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ಸಭೆಯ ನಡುವೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ಏನೋ ಕೇಳಿದ. ದನಿ ಕೇಳಿದ ಕೂಡಲೇ ಹಿಂದೆ ತಿರುಗಿ ನೋಡಿದೆ. ಅಷ್ಟು ಸಲ ಕೇಳಿದ್ದೆ ಅದನ್ನು. ಡಿಗ್ರಿ ಕೊನೆಯ ವರ್ಷದವನು, ಇಸ್ತ್ರಿ ಹಾಕಿದ ಅಂಗಿ.

ಚಾ ಕುಡಿಯುವಾಗ ಅವನನ್ನು ಹೊರಗೆ ಕರೆದೆ. ನಾನು ಯಾರೆಂದು ಹೇಳಿದೆ. ಅವನ ಕೈಯ ಲೋಟ ಅಲ್ಲೇ ನಿಂತಿತು.

"ನಾ ಹೊಡೀರಿ ಅಂದಿಲ್ರಿ ಅಕ್ಕಾರ. ಕೇಳ್ರಿ ಅಂದೆ, ಅಷ್ಟ."

"ಗೊತ್ತೈತಿ. ನಿನ್ನ ಮಾತು ಪೂರ್ತಿ ನನಗ ಬಾಯಿಪಾಠ ಐತಿ."

"ಮೊದಲ ನಿಮಗ ಕಳಿಸೀನ್ರಿ. ನಿಮ್ಮ ನಂಬರಿಗೆ. ಹೈದರಾಬಾದ್ ಮಂದಿ, ಓದಿದೋರು, ಸುಳ್ಳಿದ್ರ ಹೇಳ್ತಾರ ಅಂತ ತಿಳಕೊಂಡಿದ್ದೆ. ನೀವು ಕೇಳೀರಿ ಅಂತ ನನ್ನ ಫೋನಿನ್ಯಾಗ ತೋರಿಸ್ತು, ನೀಲಿ ಟಿಕ್ ಬಿತ್ತು. ಕಾಲುವಿ ಕಟ್ಟಿ ಮ್ಯಾಲ ಕುಂತು ದಾರಿ ನೋಡಿದೆ. ನೀವು ಏನೂ ಅನ್ನಲಿಲ್ಲ. ಅದಕ್ಕ ಗುಂಪಿಗೆ ಹಾಕಿದೆ."

ಆ ಹೊತ್ತಿನಲ್ಲಿ ನಾನು ಮೇಡಂ ಜೊತೆ ವಾದಿಸುತ್ತಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಗೆದ್ದಂತಾಗುತ್ತಿತ್ತು. ಒಂದು ಮಟ್ಟಿಗೆ ಗೆದ್ದೇ ಇದ್ದ. ಮೇಡಂ ಹೇಳಿದಂತೆ ಅವನು ಇದ್ದದ್ದನ್ನು ಇದ್ದ ಹಾಗೆ ಕಳಿಸಿದ್ದ, ಏನೂ ಸೇರಿಸಿರಲಿಲ್ಲ, ಏನೂ ವಿಚಾರಿಸಿರಲಿಲ್ಲ. ನಮ್ಮ ಪದ್ಧತಿ ಕೇಳಿದ್ದನ್ನು ಅವನಷ್ಟು ಸರಿಯಾಗಿ ಮಾಡಿದವರು ಇರಲಿಲ್ಲ. ಆದರೂ ನಾನು ಅವನನ್ನು ಬಿಡಲಿಲ್ಲ. ಅವನ ಲೋಟದ ಚಾ ಮೇಲೆ ಕೆನೆ ಕಟ್ಟುತ್ತಿತ್ತು.

"ಆ ಅಳು ನಿನ್ನ ಫೋನಿನ್ಯಾಗ ಅಷ್ಟು ಚೊಲೋ ಬಂದೈತಿ ಅಂದ್ರ, ನೀ ಆಕಿ ಬೆನ್ನಿಗೇ ಹತ್ತಿ ನಡದಿದ್ದಿ. ಅಷ್ಟು ಹತ್ರ ಇದ್ದಾಂವ, 'ಯವ್ವಾ, ಗಂಟಿನ್ಯಾಗ ಏನೈತಿ' ಅಂತ ಆಕೀನ ಯಾಕ ಕೇಳ್ಲಿಲ್ಲ ತಮ್ಮಾ?"